ಕಂಡಕ್ಟರ್ ಮಾವ ಹಾಡದ ವರ್ಷ

ಹೋದ ಭಾನುವಾರ ಕೊಳ್ಳೇಗಾಲದ ನನ್ನ ಪಿಟೀಲು ಕ್ಲಾಸಿಗೆ ಒಬ್ಬಳು ಹುಡುಗಿ ಬಾಯಲ್ಲಿ ಲವಂಗ ಇಟ್ಟುಕೊಂಡು ಬಂದಿದ್ದಳು. ಕೆಮ್ಮಂತೆ, ಅಜ್ಜಿ ಕೊಟ್ಟು ಕಳಿಸಿದ್ದಂತೆ. ನನ್ನ ಪಕ್ಕ ಕೂತು ಕಮಾನಿಗೆ ರಾಳ ಹಚ್ಚುತ್ತಿದ್ದಾಗ ರಾಳದ ವಾಸನೆ, ಲವಂಗದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದವು. ಅವೆರಡು ಜೊತೆಯಾಗಿ ಸಿಕ್ಕಿ ಬಹಳ ವರ್ಷಗಳಾಗಿದ್ದವು. ಅವತ್ತು ಪಾಠ ಶುರುವಾದದ್ದು ಸ್ವಲ್ಪ ತಡವಾಗಿ.

ಯಳಂದೂರಿನಲ್ಲಿ ನಮ್ಮ ಪಕ್ಕದ ಮನೆಯವರು ಬಸ್ ಕಂಡಕ್ಟರ್. ನೆಂಟರೇನಲ್ಲ, ಆದರೂ ನಾನು ಕಂಡಕ್ಟರ್ ಮಾವ ಅನ್ನುತ್ತಿದ್ದೆ. ಬಹಳ ಕಾಲ ಹನೂರಿನ ಮೇಲೆ ತಮಿಳುನಾಡಿನ ಗಡಿಯ ಪಾಲಾರ್‌ಗೆ ಹೋಗುವ ಬಸ್ಸಿನಲ್ಲಿದ್ದರು. ಕನ್ನಡದವರಿಗೊಂದು ಸಲ, ತಮಿಳಿನವರಿಗೊಂದು ಸಲ ಕೂಗಿ ಕೂಗಿ ಗಂಟಲು ಕಂಚಾಗಿದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನಮ್ಮ ಮನೆಯ ಹಿಂದಿನ ಗುಡಿಯಲ್ಲಿ ಪ್ರತಿ ಗುರುವಾರ ಸಂಜೆ ಭಜನೆ. ಹೇಳಿಕೊಡುವವರು ಅವರು. ಅವರು ಒಂದು ಸಾಲು ಹಾಡುವುದು, ಉಳಿದವರೆಲ್ಲ ಅದೇ ಸಾಲನ್ನು ತಿರುಗಿ ಹಾಡುವುದು. ಡಿಪೋದಲ್ಲಿ ಯಾರ ಕೈಕಾಲು ಹಿಡಿದಾದರೂ ಗುರುವಾರ ಸಂಜೆಗೆ ಊರಿಗೆ ಬಂದುಬಿಡುತ್ತಿದ್ದರು. ಆ ಜಾಗ ಬಿಟ್ಟರೆ ಅವರಿಗೆ ಊರಿನಲ್ಲಿ ಬೇರೆ ದೊಡ್ಡಸ್ತಿಕೆ ಏನೂ ಇರಲಿಲ್ಲ.

ನನಗೆ ಆಗ ಪಿಟೀಲು ಪಾಠ ವಾರಕ್ಕೊಮ್ಮೆ, ಕೊಳ್ಳೇಗಾಲದಲ್ಲಿ. ಉಳಿದ ದಿನ ಮನೆಯಲ್ಲೇ ಸಾಧನೆ. ಒಬ್ಬಳೇ ಕೂತರೆ ಬೇಜಾರಾಗಿ ಎದ್ದುಬಿಡುತ್ತಿದ್ದೆ. ಅದನ್ನು ನೋಡಿ ಅಪ್ಪ, ಜೊತೆಗಿರಲಿ ಎಂದು ಮಾವನನ್ನು ಕರೆದರು. ಅಂದಿನಿಂದ ಅವರು ಡ್ಯೂಟಿ ಮುಗಿಸಿ, ಕಾಫಿ ಕುಡಿದು, ನಮ್ಮ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಶುರುವಾಯಿತು. ಹೊಸ ಪಾಠವನ್ನು ನನ್ನಿಂದ ಒಂದೆರಡು ಸಲ ಕೇಳಿಸಿಕೊಂಡು, ಆಮೇಲೆ ಭಜನೆಯ ಹಾಗೇ ಒಂದು ಸಾಲು ಹಾಡಿ, ತೊಡೆ ತಟ್ಟಿ, "ರೈಟ್" ಅನ್ನುತ್ತಿದ್ದರು. ನಾನು ಆ ಸಾಲು ನುಡಿಸುತ್ತಿದ್ದೆ. ಮುಂದಿನ ಸಾಲು, ಮತ್ತೆ "ರೈಟ್". ಕ್ಲಾಸಿನಲ್ಲಿ ಮೇಷ್ಟ್ರೂ ಹಾಡುತ್ತಲೇ ತಾಳ ಹಾಕುತ್ತಿದ್ದರಿಂದ ಇದರಲ್ಲೇನೋ ಎಡವಟ್ಟಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಪಿಯುಸಿ ಮುಗಿದ ವರ್ಷ ಮೈಸೂರಿನ ಒಂದು ಸಂಗೀತ ಸಭೆಯವರು ಎಳೆಯ ಪಿಟೀಲು ವಾದಕರಿಗೆ ಸ್ಪರ್ಧೆ ಇಟ್ಟರು. ಅಪ್ಪನ ಷರತ್ತು ಸರಳವಾಗಿತ್ತು. ಬಹುಮಾನ ಬಂದರೆ ಮೈಸೂರಿನಲ್ಲಿ ಸಂಗೀತದ ಓದು. ಬಾರದಿದ್ದರೆ ಕೊಳ್ಳೇಗಾಲದಲ್ಲಿ ಬಿ.ಕಾಂ., ಪಿಟೀಲು ಪೆಟ್ಟಿಗೆಯೊಳಗೆ. ಅಪ್ಪ ಕೆಟ್ಟವರಲ್ಲ. ಪಿಟೀಲು ಹಿಡಿದು ಬದುಕಿದವರನ್ನು ಅವರು ಕಂಡಿರಲಿಲ್ಲ, ಅಷ್ಟೇ. ನನಗೆ ಮಾತ್ರ ಆ ಪಿಟೀಲು ಬಿಟ್ಟು ಬೇರೆ ಏನೂ ಬೇಕಿರಲಿಲ್ಲ.

ಸ್ಪರ್ಧೆಗೆ ಮಾವ ರಜೆ ಹಾಕಿ ಬಂದರು. ವೇದಿಕೆ ಹತ್ತುವ ಮೊದಲು ಪಲ್ಲವಿಯ ಸಾಲನ್ನು ಮೆಲ್ಲಗೆ ಹಾಡಿ ಕಳಿಸಿದರು. ಪಲ್ಲವಿ ಚೆನ್ನಾಗೇ ಆಯಿತು. ಅನುಪಲ್ಲವಿಗೆ ಬಂದೆ, ಕಮಾನು ನಿಂತಿತು... ಮರೆತದ್ದಲ್ಲ. ಸಾಲು ಬೆರಳಲ್ಲೇ ಇತ್ತು. ಅದನ್ನು ಯಾರಾದರೂ ಮೊದಲು ಹಾಡಲಿ ಎಂದು ನನ್ನ ಕೈ ಕಾಯುತ್ತಿತ್ತು. ಮೃದಂಗದವರು ಒಂದು ಆವರ್ತ ತಾವೇ ನುಡಿಸಿ ನನ್ನ ಮುಖ ನೋಡಿದರು. ಇನ್ನೊಂದು ಆವರ್ತವೂ ಹೋಯಿತು.

ಆಗ ಹಿಂದಿನ ಕುರ್ಚಿಗಳಿಂದ ಮಾವನ ಗಂಟಲು ಎದ್ದಿತು. ಇಡೀ ಸಾಲನ್ನು ಹಾಡಿದರು. ಹಾಡಿದ್ದು ಸಾಲದೆಂದು "ರೈಟ್" ಅಂತಲೂ ಅಂದುಬಿಟ್ಟರು. ನಾನು ಸರಿಯಾಗಿ ಹಿಡಿದುಕೊಂಡೆ. ಸಭೆ ಗೊಳ್ಳೆಂದಿತು. ತೀರ್ಪುಗಾರರು ಗಂಟೆ ಒತ್ತಿದರು. ಹೊರಗಿನವರ ನೆರವು ಪಡೆದರೆ ಸ್ಪರ್ಧೆಯಿಂದ ಹೊರಗೆ ಎನ್ನುವುದು ನಿಯಮ. "ಸಾಕಮ್ಮ, ಇಳೀರಿ" ಅಂದರು. ಗದರಲಿಲ್ಲ.

ವಾಪಸ್ ಬರುವಾಗ ಮಾವ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತರು. ನನಗೆ ಅವರ ಮುಖ ನೋಡಲಾರದಷ್ಟು ಸಿಟ್ಟಿತ್ತು.

ಮಾರನೆಯ ಬೆಳಿಗ್ಗೆ ಅವರೇ ಬಂದು ಅಪ್ಪನ ಎದುರು ನಿಂತರು. "ಮಗೀಗೆ ಇನ್ನೊಂದೊರ್ಸ ಕೊಡಿ ಸಾ. ಬಿ.ಕಾಂ.ಗೂ ಓಗ್ಲಿ, ಪಿಟೀಲೂ ಇರ್ಲಿ. ಬಸ್ಸ ಗುಂಡಿಗೆ ಇಳ್ಸುದೋನು ನಾನು. ಇನ್ಮೇಲೆ ನಾ ಬಾಯಿ ಬುಡಕಿಲ್ಲ."

"ಬಾಯಿ ಬಿಡ್ದೆ ಬಂದು ಏನ್ ಮಾಡೀರಿ ಕಂಡಕ್ಟ್ರೇ?" ಅಂದರು ಅಪ್ಪ.

"ಕೂತ್ಕತೀನಿ."

ಅಪ್ಪ ಒಪ್ಪಿ ನನ್ನನ್ನು ಬಿ.ಕಾಂ.ಗೂ ಸೇರಿಸಿದರು. ಮಾವ ಕೂತರು, ವರ್ಷವಿಡೀ. ಬಾಯಿ ತೆರೆಯದಿರಲೆಂದು ಲವಂಗ ಹಾಕಿಕೊಂಡು ಬರುತ್ತಿದ್ದರು. ತೊಡೆಯ ಮೇಲೆ ತಾಳ ಮಾತ್ರ. ಮೊದಮೊದಲು ನಾನು ಪ್ರತಿ ಸಾಲಿಗೂ ನಿಂತು ಅವರನ್ನು ನೋಡುತ್ತಿದ್ದೆ. ಅವರು ಫ್ಯಾನು ನೋಡುತ್ತಿದ್ದರು. ಗಂಟಲಲ್ಲಿ ಸಾಲು ಎದ್ದರೆ ಲವಂಗ ಕಚ್ಚುತ್ತಿದ್ದರು. ನೋಡಿದರೆ ನಗು ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು. ನಿಲ್ಲುವುದು ಕಮ್ಮಿಯಾಗಲು ತಿಂಗಳುಗಳೇ ಹಿಡಿದವು.

ಒಂದು ಗುರುವಾರ ಸಂಜೆಯೂ ನಮ್ಮ ಮನೆಗೇ ಬಂದು ಕೂತರು. ಹಿಂದಿನ ಗುಡಿಯಿಂದ ಬೇರೆ ಯಾರದೋ ದನಿ ಕೇಳುತ್ತಿತ್ತು. ಕಿರಾಣಿ ಅಂಗಡಿಯವರಿಗೆ ಹೇಳಿಕೊಡುವ ಜಾಗ ಬಿಟ್ಟುಕೊಟ್ಟು ಬಂದಿದ್ದರು. ಯಾಕೆ ಮಾವ ಎಂದು ಕೇಳಿದೆ. "ನನ್ ದನಿ ಕಿಟ್ಕೀಲಿ ಬಂದ್ರೂ ನಿನ್ ಕೈ ನಿಂತ್ಕತದೆ ಕಣವ್ವ. ನೀ ಬಾರ್ಸು" ಅಂದರು. ಬಾರಿಸಿದೆ. ಆ ವಯಸ್ಸಿನಲ್ಲಿ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಮುಂದಿನ ವರ್ಷ ಅದೇ ಸ್ಪರ್ಧೆ. ಮಾವ ಮೈಸೂರಿನವರೆಗೆ ಬಂದರು, ಒಳಗೆ ಮಾತ್ರ ಬರಲಿಲ್ಲ. ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಈ ಕಡೆ ಬೆನ್ನು ಮಾಡಿ ಕೂತಿದ್ದರು. ನಾನು ಎಲ್ಲೂ ನಿಲ್ಲಲಿಲ್ಲ. ಎರಡನೇ ಬಹುಮಾನ ಬಂತು. ಹೋಗಿ ಹೇಳಿದೆ. "ಅಷ್ಟು ಸಾಕು ಬುಡು" ಎಂದು ನನಗೂ ಒಂದು ಟೀ ಹೇಳಿದರು.

ಅಪ್ಪ ಮಾತಿಗೆ ತಪ್ಪಲಿಲ್ಲ. ಬಿ.ಕಾಂ. ಬಿಟ್ಟು ಮೈಸೂರು ಸೇರಿದೆ. ಆಮೇಲಿನದು ನನ್ನಂಥ ಎಲ್ಲರ ಕಥೆಯೇ. ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ, ಅಲ್ಲಿ ಕೇಳಿದವರಿಂದ ಸಣ್ಣಪುಟ್ಟ ಕಚೇರಿಗಳು, ಪರೀಕ್ಷೆಗಳು, ಕೊನೆಗೆ ಕೊಳ್ಳೇಗಾಲದಲ್ಲಿ ಈ ಕ್ಲಾಸು. ರಜೆಗೆ ಊರಿಗೆ ಬಂದಾಗ ಗುಡಿಗೆ ಹೋದರೆ ಮಾವ ಹಿಂದೆ ಕೂತು ಎಲ್ಲರ ಜೊತೆ ತಿರುಗಿ ಹೇಳುತ್ತಿದ್ದರು. ಇನ್ನಾದರೂ ನೀವೇ ಹೇಳಿಕೊಡಬಹುದಲ್ಲ ಎಂದು ಒಮ್ಮೆ ಕೇಳಿದ್ದೆ.

"ರೂಟ್ ಬುಟ್‌ಕೊಟ್ಟಾಯ್ತು ಕಣವ್ವ. ಮತ್ತೆ ಕೇಳಕಾಯ್ತದಾ?" ಎಂದು ನಕ್ಕರು. ಕಿರಾಣಿಯವರಿಗೂ ಅಷ್ಟರಲ್ಲಿ ಆ ಜಾಗದ ರುಚಿ ಹತ್ತಿತ್ತು...

ಮಾವ ತೀರಿಕೊಂಡು ಎರಡು ವರ್ಷವಾಯಿತು. ಅವರು ಹಾಡಿದ್ದು ಯಾರಾದರೂ ಫೋನಿನಲ್ಲಿ ಹಿಡಿದಿರಬಹುದೆಂದು ಅವರ ಮನೆಯವರನ್ನು ಕೇಳಿದೆ, ಭಜನೆಯವರನ್ನು ಕೇಳಿದೆ. ಇಲ್ಲ. ನನ್ನ ಹತ್ತಿರ ಇರುವುದು ಅವರು ಹಾಡದ ವರ್ಷದ್ದು ಮಾತ್ರ. ಮೇಷ್ಟ್ರಿಗೆ ಕಳಿಸಲೆಂದು ಆಗ ಸಾಧನೆಯನ್ನು ರೆಕಾರ್ಡ್ ಮಾಡುತ್ತಿದ್ದೆ. ಅದರಲ್ಲಿ ನನ್ನ ಪಿಟೀಲು, ಫ್ಯಾನಿನ ಸದ್ದು, ತೊಡೆಯ ಮೇಲಿನ ತಾಳ ಇವೆ. ಸ್ಪರ್ಧೆಗೆ ಹೊರಡುವ ಮಕ್ಕಳಿಗೆ, ಒಬ್ಬರೇ ನುಡಿಸುವುದು ಹೇಗೆ ಎಂದು ಅದನ್ನೇ ಕೇಳಿಸುತ್ತೇನೆ.

ಹೋದ ಭಾನುವಾರವೂ ಕೇಳಿಸಿದೆ. ಮಕ್ಕಳಲ್ಲೊಬ್ಬಳು ಕೇಳಿದಳು, "ಮಿಸ್, ತಾಳ ಹಾಕ್ತಾವ್ರಲ್ಲ, ಅವ್ರಿಗೆ ಹಾಡಕ್ಕೆ ಬತ್ತಿರ್ಲಿಲ್ವಾ?"

ಬರುತ್ತಿತ್ತು ಎಂದೆ. ಎಷ್ಟು ಚೆನ್ನಾಗಿ ಎಂದು ಕೇಳಿಸಲು ನನ್ನ ಹತ್ತಿರ ಏನೂ ಇರಲಿಲ್ಲ.