ಖೋಲಿಯೊಳಗ ಒಬ್ಬಳೇ ಇರಬೇಕು

ಜರ್ಮನಿಗೆ ಓದಲು ಹೋಗುವವರು ಇಲ್ಲಿಂದ ಹೊರಡುವ ಮೊದಲೇ ಅಲ್ಲೊಂದು ಬ್ಯಾಂಕ್ ಖಾತೆ ತೆರೆದಿರಬೇಕು ಅನ್ನುವುದು ನನಗೆ ಪ್ರವೇಶಪತ್ರ ಬಂದ ಮೇಲೆ ಗೊತ್ತಾಯಿತು. ಖಾತೆಯ ಪತ್ರ ಇಲ್ಲದೆ ವೀಸಾ ಅರ್ಜಿ ತಗೊಳ್ಳುವುದೇ ಇಲ್ಲ. ದುಡ್ಡಿನ ವ್ಯವಸ್ಥೆ ಹೇಗೋ ಆಗಿತ್ತು. ನಾನು ನಾನೇ ಎಂದು ತೋರಿಸುವುದು ಬಾಕಿ ಇತ್ತು.

ಅದಕ್ಕೆ ಬ್ಯಾಂಕಿನ ಕಡೆಯವರೊಬ್ಬರು ಫೋನಿನ ವಿಡಿಯೊದಲ್ಲಿ ಬಂದು ನನ್ನ ಮುಖ, ಪಾಸ್‌ಪೋರ್ಟು, ಸಹಿ ನೋಡಿ ಒಪ್ಪಬೇಕಿತ್ತು. ಮೂರು ಸಲ ಅವಕಾಶ. ಮೂರೂ ಕೆಟ್ಟರೆ ಕಾಗದಗಳನ್ನು ಅಂಚೆಯಲ್ಲಿ ಕಳಿಸಿ ವಾರಗಟ್ಟಲೆ ಕಾಯಬೇಕು. ವೀಸಾ ಕಚೇರಿ ನನಗೆ ಕೊಟ್ಟಿದ್ದ ದಿನಕ್ಕೆ ಉಳಿದದ್ದು ಎಂಟೇ ದಿನ. ಅದು ತಪ್ಪಿದರೆ ಆ ವರ್ಷದ ಓದು ತಪ್ಪಿದಂತೆ.

ನಮ್ಮದು ಬೋನಾಳ. ಅಪ್ಪ ನಾರಾಯಣಪುರದ ಡ್ಯಾಮಿನಲ್ಲಿ ಗೇಟಿನ ಕೆಲಸಕ್ಕಿದ್ದಾನೆ, ಅಲ್ಲೇ ಕ್ವಾರ್ಟರ್ಸಿನಲ್ಲಿ ಇರುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವ್ವ ಸುರಪುರದ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಕಾಲುವೆ ನೀರು ಉಂಡ ಹೊಲಗಳಲ್ಲಿ ಬಿಳಿ ಉಪ್ಪು ಏಳುವುದನ್ನು ನೋಡುತ್ತ ಬೆಳೆದ ನಾನು ಮಣ್ಣಿನ ವಿಷಯ ಓದಿದ್ದೆ. ಮುಂದೆಯೂ ಅದನ್ನೇ ಓದಬೇಕೆಂದಿದ್ದೆ.

ಮೊದಲ ಸಲ ನಮ್ಮ ಮನೆಯ ಮಾಳಿಗೆ ಮೇಲೆ ಕೂತು ಕರೆ ಮಾಡಿದೆ. ನೆಟ್‌ವರ್ಕ್ ಚೂರಾದರೂ ಸಿಗುವುದು ಅಲ್ಲೇ. ಪಾಸ್‌ಪೋರ್ಟನ್ನು ಬೆಳಕಿಗೆ ಓರೆ ಹಿಡಿಯಿರಿ ಎಂದದ್ದಷ್ಟೇ ಕೇಳಿಸಿತು. ಆಮೇಲೆ ಆ ಮನುಷ್ಯನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತು. ಕರೆ ಹೋಯಿತು.

ಎರಡನೆಯ ಸಲ ಅವ್ವನ ಹಾಸ್ಟೆಲಿಗೆ ಹೋದೆ. ವಾರ್ಡನ್ ಮೇಡಂ ಅಡುಗೆಮನೆಯ ಪಕ್ಕದ ಸಾಮಾನು ಖೋಲಿ ಬಿಟ್ಟುಕೊಟ್ಟರು, ವೈಫೈ ಕೊಟ್ಟರು. ಜೋಳದ ಚೀಲಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತೆ. ಈ ಸಲ ಚಿತ್ರ ಸ್ವಚ್ಛ ಬಂತು. ಮುಖ ನೋಡಿದರು, ಪಾಸ್‌ಪೋರ್ಟು ನೋಡಿದರು. ಇನ್ನೇನು ಸಹಿ ಕೇಳಬೇಕು, ಬಾಗಿಲು ದೂಡಿಕೊಂಡು ಅವ್ವ ಬಂದಳು.

"ಯಾರ ಜೋಡಿ ಮಾತಾಡಾಕತ್ತೀ? ಮುಂಜಾನಿಂದ ಹೊಟ್ಟಿಗಿ ಏನೂ ಇಲ್ಲ. ಒಂದೀಟು ಚಾ ಕುಡಿ."

ಫೋನಿನಲ್ಲಿದ್ದಾತ ಇಂಗ್ಲಿಷಿನಲ್ಲಿ ಕೇಳಿದ, "ನಿಮ್ಮ ಜೊತೆ ಯಾರಿದ್ದಾರೆ?"

"ನನ್ನ ತಾಯಿ."

"ಏನು ಹೇಳಬೇಕೆಂದು ಅವರು ಹೇಳಿಕೊಡುತ್ತಿದ್ದಾರೆಯೇ?"

"ಇಲ್ಲ, ಚಹಾ ತಂದಿದ್ದಾರೆ ಅಷ್ಟೇ."

ನಿಯಮದ ಪ್ರಕಾರ ನೀವು ಒಬ್ಬರೇ ಇರಬೇಕು, ಈ ಕರೆ ಮುಂದುವರಿಸಲಾಗದು ಎಂದು ಹೇಳಿ ಇಟ್ಟುಬಿಟ್ಟ.

ಖೋಲಿಯಿಂದ ಹೊರಬಂದು, ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರ ಎದುರೇ ಕೂಗಿದೆ, "ತಿಳಿಯಂಗಿಲ್ಲ ಅಂದ್ರ ಸುಮ್ಮ ಕುಂದ್ರಾಕರೆ ಬರಂಗಿಲ್ಲೇನು ನಿನಗ? ನನ್ನ ಓದು ಹಾಳು ಮಾಡಿದಿ!"

ಅವ್ವ ಕೈಯಲ್ಲಿದ್ದ ಚಹಾ ಕಟ್ಟೆಯ ಮೇಲಿಟ್ಟು ಪಲ್ಯ ಕಲಕಲು ಹೋದಳು. ಎರಡು ದಿನ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಉಳಿದದ್ದು ಒಂದೇ ಅವಕಾಶ. ಶಹಾಪುರದಲ್ಲಿ ಚಿಗವ್ವ ಇದ್ದಾಳೆ, ಶಾಲೆಯಲ್ಲಿ ಟೀಚರು. ಶನಿವಾರ ಮುಂಜಾನೆ ಮನೆ ಖಾಲಿ ಇರುತ್ತದೆ ಬಾ ಎಂದಳು. ಬ್ಯಾಗು ಹಿಡಿದು ಹೊರಟರೆ ಅವ್ವನೂ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. ರಜೆ ಹಾಕಿದ್ದಳು.

"ನಾ ಹೊರಗ ಕುಂದರತೀನಿ," ಎಂದಳು. ಅಷ್ಟೇ.

ಚಿಗವ್ವನ ಮನೆಯಲ್ಲಿ ಅವ್ವ ಹೊರಗೆ ಮೆಟ್ಟಿಲ ಮೇಲೆ ಕೂತಳು, ನಾನು ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಂಡೆ. ನಿಮ್ಮ ಮುಂದೆ ಇನ್ನೂ ಹನ್ನೊಂದು ಮಂದಿ ಇದ್ದಾರೆ ಎಂದು ಪರದೆ ಹೇಳಿತು. ಕರೆಂಟು ಹೋದರೆ ವೈಫೈ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಫ್ಯಾನಿನ ರೆಕ್ಕೆ ನೋಡುತ್ತ ಮುಕ್ಕಾಲು ತಾಸು ಕೂತೆ.

ಕೊನೆಗೆ ಒಬ್ಬ ಹೆಣ್ಣುಮಗಳು ಬಂದಳು. ಮುಖ ಆಯಿತು, ಪಾಸ್‌ಪೋರ್ಟು ಆಯಿತು. ಬಿಳಿ ಹಾಳೆಯ ಮೇಲೆ ಸಹಿ ಮಾಡಿ ತೋರಿಸಿ ಎಂದಳು. ಮಾಡಿ ತೋರಿಸಿದೆ.

"ಪಾಸ್‌ಪೋರ್ಟಿನಲ್ಲಿ ಇರುವುದು ಬೇರೆ," ಎಂದಳು.

ಪಾಸ್‌ಪೋರ್ಟು ಮಾಡಿಸಿದಾಗ ನಾನು ಕನ್ನಡದಲ್ಲಿ ಸಹಿ ಮಾಡುತ್ತಿದ್ದೆ. ಕಾಲೇಜಿಗೆ ಹೋದ ಮೇಲೆ ಇಂಗ್ಲಿಷಿಗೆ ಬದಲಿಸಿದ್ದೆ. ಹಳೆಯ ಸಹಿ ಮಾಡಿ ಆರು ವರ್ಷವಾಗಿತ್ತು.

ಅಷ್ಟರಲ್ಲಿ ಓಣಿಯಲ್ಲಿ ಉಳ್ಳಾಗಡ್ಡಿ ಮಾರುವ ಗಾಡಿ ಬಂತು. ಅದರ ಸ್ಪೀಕರು ಕಿಟಕಿಯ ಹೊರಗೇ ಇದ್ದಂತೆ ಒದರತೊಡಗಿತು. ಅವಳು ಹುಬ್ಬು ಗಂಟಿಕ್ಕಿದಳು. "ಅದು ಯಾರ ಧ್ವನಿ?" ಹೇಳಲು ಬಾಯಿ ತೆರೆದೆ, ಸ್ಪೀಕರು ನಡುವಿನಲ್ಲೇ ಗಪ್ಪಾಯಿತು. ಒಂದು ಮಾತೂ ಕೇಳಿಸಲಿಲ್ಲ. "ಬೀದಿಯ ವ್ಯಾಪಾರಿ," ಎಂದೆ.

ಮತ್ತೆ ಪೆನ್ನು ಹಿಡಿದೆ. ಮೊದಲ ಸಲ ಒತ್ತಕ್ಷರ ಎಲ್ಲಿಗೋ ಹೋಯಿತು. ಇಲ್ಲ ಎಂದು ತಲೆಯಾಡಿಸಿದಳು. ಪಾಸ್‌ಪೋರ್ಟು ಎದುರಿಗಿಟ್ಟುಕೊಂಡು ನೋಡುವ ಹಾಗಿರಲಿಲ್ಲ. ಕಣ್ಣು ಮುಚ್ಚಿದೆ, ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆ ನನ್ನ ಹೆಸರು ಬರೆದು ಕೆಳಗೊಂದು ಗೆರೆ ಎಳೆದೆ. ಅವಳು ಮುಂದೆ ಬಗ್ಗಿ ಅದನ್ನೂ ಪಾಸ್‌ಪೋರ್ಟಿನ ಸಹಿಯನ್ನೂ ಬಹಳ ಹೊತ್ತು ನೋಡಿದಳು. ಕನ್ನಡದ ಒಂದಕ್ಷರ ಬಾರದ ಆಕೆ ಏನು ನೋಡುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

"ಈ ಖಾತೆ ತೆರೆಯಲು ನಿಮ್ಮನ್ನು ಯಾರಾದರೂ ಒತ್ತಾಯಿಸಿದ್ದಾರೆಯೇ?"

"ಇಲ್ಲ. ಇದು ನನ್ನದೇ ಇಚ್ಛೆ."

"ಸರಿ. ಮುಗಿಯಿತು," ಎಂದಳು.

ಬಾಗಿಲು ತೆರೆದರೆ ಅವ್ವ ಮೆಟ್ಟಿಲ ಮೇಲೆ ಇರಲಿಲ್ಲ. ಓಣಿಯ ತುದಿಯಲ್ಲಿ ಉಳ್ಳಾಗಡ್ಡಿ ಗಾಡಿಗೆ ಅಡ್ಡ ನಿಂತಿದ್ದಳು. ಗಾಡಿಯವ ಇಂಜಿನ್ ಬಂದ್ ಮಾಡಿ ನಗುತ್ತ ಬೀಡಿ ಸೇದುತ್ತಿದ್ದ. ಎದುರುಮನೆಯಾಕೆ ನನ್ನನ್ನು ನೋಡಿ, "ನಿಮ್ಮವ್ವ ಸೀಟಿ ಹೊಡೀತದಂತ ಕುಕ್ಕರ್ ಸೈತ ಬಂದ್ ಮಾಡಿಸ್ಯಾಳ ನಮ್ಮ ಮನ್ಯಾಗ," ಎಂದಳು.

"ಆತೇನು?" ಅವ್ವ ಅಲ್ಲಿಂದಲೇ ಕೇಳಿದಳು.

"ಆತವ್ವ."

ಗಾಡಿಗೆ ದಾರಿ ಬಿಟ್ಟಳು.

ವಾಪಸು ಬರುವ ಬಸ್ಸಿನಲ್ಲಿ ಅವ್ವನ ಪಕ್ಕ ಕೂತೆ. ಆಮೇಲೆ ನಾನೇ, "ಅವತ್ತು ನಂದು ತಪ್ಪಾತು," ಎಂದೆ.

"ಹೂಂ, ತಪ್ಪಾತು," ಎಂದಳು. "ನನಗ ಇನ್ನೂ ಸಿಟ್ಟೈತಿ. ಇಲ್ಲಿ ಬಸ್ಸಿನಾಗ ಹೇಳಿದ್ರ ಏನ್ ಬಂತು? ಅವರ ಮುಂದ ಬೈದಿ, ಅವರ ಮುಂದ ಹೇಳು."

ಸೋಮವಾರ ಹಾಸ್ಟೆಲಿಗೆ ಹೋದೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಆ ಇಬ್ಬರು ಹೆಂಗಸರ ಎದುರು, ತಪ್ಪು ನನ್ನದು, ಅವ್ವನದಲ್ಲ ಎಂದು ಹೇಳಿದೆ. ವೀಸಾ ಕಚೇರಿಯ ದಿನಕ್ಕೆ ಮೊದಲೇ ಖಾತೆಯ ಪತ್ರ ಬಂದು ತಲುಪಿತು. ಆದರೆ ಆ ಅಡುಗೆಮನೆಯಲ್ಲಿ ನಿಂತಾಗ ನಡುಗಿದ ಹಾಗೆ ನನ್ನ ಧ್ವನಿ ಫೋನಿನ ಮುಂದೆಯೂ ನಡುಗಿರಲಿಲ್ಲ.