ಗೋಣಿಚೀಲದೊಳಗಿನ ಕೌಜುಗ

ನಮ್ಮ ಅಕ್ಕನ ಗಂಡನಿಗೆ ಕೌಜುಗದ ಕೂಗು ಬರುತ್ತದೆ. ಸುಮ್ಮನೆ ಸಿಳ್ಳೆ ಹೊಡೆಯುವುದಲ್ಲ. ಎರಡೂ ಅಂಗೈಗಳನ್ನು ಬೋಗುಣಿ ಮಾಡಿ ಬಾಯಿಗೆ ಹಿಡಿದು, 'ಕತೀತರ್, ಕತೀತರ್' ಎಂದು ಗಂಟಲಿನಿಂದ ಏರಿಸುತ್ತ ಹೋದರೆ, ಹೈದರಾಬಾದಿನ ಬೇಗಂ ಬಜಾರಿನ ಅವರ ಜೀರಿಗೆ ಅಂಗಡಿಯ ಮುಂದೆ ಮೂಟೆ ಇಳಿಸುತ್ತಿರುವ ಹಮಾಲರು ತಲೆಯೆತ್ತಿ ಸೂರಿನ ಮೇಲೆ ಹಕ್ಕಿ ಹುಡುಕುತ್ತಾರೆ. ವಿಜಯಪುರದ ಕಡೆಯ ಹೊಲಗಳಲ್ಲಿ ಶಿಕಾರಿ ಆಡುತ್ತಿದ್ದ ಅವರಜ್ಜ ಕಲಿಸಿದ ವಿದ್ಯೆ. ಕಾನೂನು ಬಂತು, ಶಿಕಾರಿ ನಿಂತಿತು, ಅಜ್ಜ ಹೋದರು, ಕೂಗು ಉಳಿಯಿತು. ಅಕ್ಕ ಮಾತ್ರ ಇದನ್ನು ವಿದ್ಯೆ ಅಂತ ಒಪ್ಪಿಲ್ಲ. "ಅಂಗಡ್ಯಾಗ ಗಿರಾಕಿ ಕೇಳಿದ್ದಕ್ಕ ಉತ್ತರಾ ಇಲ್ಲ, ಕೌಜುಗ ಕೇಳಿದ್ರ ಎದ್ದು ನಿಂತು ಉತ್ತರಾ ಕೊಡ್ತಾರ" ಅನ್ನುತ್ತಾಳೆ.

ನಾನು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ವಾರವಿಡೀ ಕಬ್ಬಿಣದ ಸದ್ದು ಕೇಳಿದ ಕಿವಿಗೆ ರಜೆಯ ದಿನ ಬೇರೆ ಏನಾದರೂ ಬೇಕು ಅನ್ನಿಸಿ ಹಕ್ಕಿಗಳ ಫೋಟೊ ತೆಗೆಯಲು ಶುರು ಮಾಡಿದವಳು. ನನ್ನ ಉದ್ದ ಲೆನ್ಸಿನ ಕ್ಯಾಮೆರಾವನ್ನು ಮಾಮಾ ಬಂದೂಕು ಅಂತಲೇ ಕರೆಯುತ್ತಾರೆ. ಅಕ್ಕನ ಗಂಡನನ್ನು ನಾವು ಮಾಮಾ ಅನ್ನುವುದು. "ನಾ ಕರೀತೀನಿ, ನೀ ಹೊಡಿ" ಎಂಬುದು ನಮ್ಮಿಬ್ಬರ ಒಪ್ಪಂದ.

ಕೌಜುಗ, ಹೈದರಾಬಾದಿನವರ ಬಾಯಲ್ಲಿ ತೀತರ್, ಒಣಹುಲ್ಲಿನದೇ ಬಣ್ಣದ, ಕೋಳಿಗಿಂತ ಸಣ್ಣ ಹಕ್ಕಿ. ಕೂಗು ಊರಿಗೆಲ್ಲ ಕೇಳುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ. ಆದರೆ ಅದಕ್ಕೊಂದು ದುರಭಿಮಾನ. ತನ್ನ ಜಾಗದಲ್ಲಿ ಇನ್ನೊಂದು ಗಂಡು ಕೂಗಿದರೆ ಸಹಿಸದೆ ಜಗಳಕ್ಕೆ ಬಯಲಿಗೇ ಬಂದುಬಿಡುತ್ತದೆ. ಕೊಕ್ಕು ತೆರೆದು, ಕೊರಳು ಚಾಚಿ, ಸಿಟ್ಟಿನಲ್ಲಿ ಕೂಗುವ ಗಂಡಿನ ಒಂದು ಚಿತ್ರ ನನಗೆ ಬೇಕಿತ್ತು. ನಗರದ ಸುತ್ತಲಿನ ಬಯಲುಗಳೆಲ್ಲ ಲೇಔಟುಗಳಾಗಿದ್ದವು. ಕೊನೆಗೆ ಕೃಷ್ಣೆಯ ಹಿನ್ನೀರಿನ ನಡುವೆ ಉಳಿದಿರುವ ಒಂದು ಕುರುಚಲು ಗುಡ್ಡದ ಸುದ್ದಿಯನ್ನು ಮಾಮಾ ಎಲ್ಲಿಂದಲೋ ಹಿಡಿದು ತಂದರು. ಸರ್ಕಾರದ ಜಾಗ, ಸುತ್ತ ನೀರು, ದೋಣಿಯಲ್ಲದೆ ದಾರಿಯಿಲ್ಲ. ಬೇಟೆ ಆಡಿದರೆ ಜೈಲು, ನೋಡಿ ಬರುವುದಕ್ಕೆ ಅಡ್ಡಿಯಿಲ್ಲ.

ಬೆಳಕು ಹರಿಯುವ ಹೊತ್ತಿಗೆ ನಾವು ಹರಗೋಲಿನಲ್ಲಿದ್ದೆವು. ಅಲ್ಲಿಯವರು ಅದನ್ನು ಪುಟ್ಟಿ ಅನ್ನುತ್ತಾರೆ. ಒಳಗೆ ಕೂತರೆ ದೊಡ್ಡ ಬುಟ್ಟಿಯಲ್ಲಿ ಕೂತ ಹಾಗೇ. ಹುಟ್ಟು ಹಾಕುತ್ತಿದ್ದ ಮೀನುಗಾರನೊಂದಿಗೆ ಮಾಮಾ ತೆಲುಗಿನಲ್ಲಿ ಮೀನಿನ ಮಾತಾಡುತ್ತಿದ್ದರು. ಅರ್ಧ ನೀರು ದಾಟಿರಬಹುದು, ಗುಡ್ಡದ ಕಡೆಯಿಂದ ಮೊದಲ ಕೂಗು ತೇಲಿ ಬಂತು. ಮಾಮಾ ಮಾತು ಅಲ್ಲಿಗೇ ನಿಲ್ಲಿಸಿ ನನ್ನ ರಟ್ಟೆ ಹಿಡಿದರು. ಇನ್ನೊಂದು ಕೂಗು. ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ಹರಗೋಲಿನಲ್ಲಿ ಎದ್ದು ನಿಂತರೆ ಎಲ್ಲರೂ ನೀರಿಗೇ, ಅದಕ್ಕೆ ಕೂತಲ್ಲೇ ಕಾಲು ಕುಣಿಸಿದೆ.

ದಡ ಹತ್ತಿದ ಮೇಲೆ ಮಾಮಾ ದಂಡನಾಯಕರಾದರು. ಮೀನುಗಾರನನ್ನು ಹರಗೋಲಿನ ಹತ್ತಿರವೇ ಕೂರಿಸಿದರು. ನನ್ನನ್ನು ಇಳಿಜಾರಿನ ಮೇಲಿದ್ದ ಒಂದು ಬಂಡೆಯ ಹಿಂದೆ ಮಲಗಿಸಿದರು. ತಾವು ಕೆಳಗೆ, ಹುಲ್ಲು ಬಯಲಿನ ಅಂಚಿನಲ್ಲಿದ್ದ ಕಾರೆ ಪೊದೆಯೊಳಗೆ ನುಸುಳಿ, ಅಂಗಡಿಯಿಂದ ತಂದಿದ್ದ ಜೀರಿಗೆಯ ಹಳೇ ಗೋಣಿಚೀಲವನ್ನು ತಲೆಯಿಂದ ಬೆನ್ನ ತನಕ ಹೊದ್ದುಕೊಂಡರು. ಹೋಗುವ ಮುಂಚೆ ಕಡೆಯ ಹುಕುಂ ಒಂದಿತ್ತು.

"ಏನ ಆಗ್ಲಿ, ಅಲುಗಾಡಬ್ಯಾಡ. ಹಾವು ಬಂದ್ರೂ ಬಾಯಿ ಬಿಡಬ್ಯಾಡ."

"ಹಾವು ನನ್ನ ಕಡೆ ಬಂದ್ರ, ಮಾಮಾ?"

"ಅದಕ್ಕೂ ಸುಮ್ನಿರು ಅಂತ ಹೇಳು."

ಮಾಮಾ ಕೂಗಿದರು. ಒಂದು ಗಂಡು ದೂರದಿಂದ ಉತ್ತರ ಕೊಟ್ಟಿತು. ಮತ್ತೆ ಕೂಗಿದರು, ಅದು ಸ್ವಲ್ಪ ಹತ್ತಿರದಿಂದ ಕೂಗಿತು. ಆಮೇಲೆ ಅದು ಸುಮ್ಮನಾಯಿತು. ಯಾಕೆ ಸುಮ್ಮನಾಯಿತು ಅಂತ ನಾನು ಯೋಚಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಬಯಲಿನ ಆಚೆ ಬದಿಯಿಂದ ಇನ್ನೊಂದು ಕೂಗು ಎದ್ದಿತ್ತು. ಮೊದಲಿನದಕ್ಕಿಂತ ದಪ್ಪ, ಮೊದಲಿನದಕ್ಕಿಂತ ಸೊಕ್ಕಿನದು. ಗೋಣಿಚೀಲ ಸಂತೋಷದಿಂದ ಒಮ್ಮೆ ಅಲುಗಾಡಿದ್ದು ನನಗೆ ಮೇಲಿನಿಂದ ಕಂಡಿತು.

ಆಮೇಲಿನದು ಜುಗಲ್‌ಬಂದಿ. ಮಾಮಾ ಏರಿಸಿದರೆ ಅದೂ ಏರಿಸುತ್ತಿತ್ತು. ಮಾಮಾ ತುಂಡು ಕೂಗು ಹಾಕಿದರೆ ಅದೂ ತುಂಡು. ಪ್ರತಿ ಸಲವೂ ಸ್ವಲ್ಪ ಹತ್ತಿರ. ಎತ್ತರದ ಹುಲ್ಲಿನಲ್ಲಿ ಒಂದು ಗೆರೆ ನಮ್ಮ ಕಡೆಗೆ ಸರಿದು ಬರುತ್ತಿತ್ತು. ಲೆನ್ಸನ್ನು ಆ ಗೆರೆಯ ತುದಿಗೆ ಹಿಡಿದು, ಬೆರಳನ್ನು ಗುಂಡಿಯ ಮೇಲಿಟ್ಟು, ಉಸಿರು ಕಟ್ಟಿದೆ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಈಗ ಬರುತ್ತೆ, ಈಗ ಬರುತ್ತೆ. ಹುಲ್ಲು ಅಲುಗಿತು. ಒಣಹುಲ್ಲಿನ ಬಣ್ಣದ್ದೇನೋ ಕಂಡಿತು. ಗುಂಡಿ ಒತ್ತಿದೆ, ಕ್ಯಾಮೆರಾ ಟಕಟಕ ಓಡಿತು.

ಅದು ರುಮಾಲು. ರುಮಾಲಿನ ಕೆಳಗೆ ಒಂದು ಮುಖ, ಬಾಯಿಗೆ ಬೋಗುಣಿ ಮಾಡಿ ಹಿಡಿದ ಎರಡು ಅಂಗೈ.

ಏನು ನೋಡುತ್ತಿದ್ದೇನೆ ಅಂತ ತಿಳಿಯಲು ನನಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಅವನು ಕೂಗಿದ. ಪೊದೆಯಿಂದ ಮಾಮಾ ಉತ್ತರ ಕೊಟ್ಟರು. ಅವನು ಅಂಗೈ ಇಳಿಸಿ ಪಕ್ಕದ ಹುಲ್ಲಿನಿಂದ ಉದ್ದನೆಯ ನಾಡಬಂದೂಕು ಎತ್ತಿ ಹೆಗಲಿಗೆ ಒತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ಹಕ್ಕಿ ಅಂದುಕೊಂಡು ಕರೆಯುತ್ತಿದ್ದರು. ಇಬ್ಬರ ನಡುವೆ ಉಳಿದದ್ದು ನಮ್ಮ ಮನೆಯ ಅಂಗಳದಷ್ಟು ಜಾಗ. ಬಂದೂಕಿನ ನಳಿಗೆ ಪೊದೆಯ ಬುಡಕ್ಕೆ ನೆಟ್ಟಿತ್ತು. ಗೋಣಿಚೀಲದ ಅಂಚು ಸಣ್ಣಗೆ ಅಲುಗುತ್ತಿತ್ತು, ಕೌಜುಗದ ಬೆನ್ನಿನ ಹಾಗೇ. ಮಾಮಾ ಮತ್ತೊಮ್ಮೆ ಕೂಗಲು ಉಸಿರು ಎಳೆದುಕೊಳ್ಳುತ್ತಿದ್ದರು.

ಮನೆಯ ಹೊಸ್ತಿಲು ದಾಟಿದರೆ ನಾನು ತೆಲುಗು, ಇಲ್ಲವೇ ಹಿಂದಿ. ಬಂದೂಕು ಹಿಡಿದವನಿಗೆ ತಿಳಿಯುವ ಹಾಗೆ ಕೂಗಬೇಕಿದ್ದರೆ ತೆಲುಗಿನಲ್ಲೇ ಕೂಗಬೇಕಿತ್ತು. ಬಾಯಿಗೆ ಬಂದದ್ದು ಮನೆಯ ಕನ್ನಡ.

"ಮಾಮಾ, ಮಕಾಡೆ ಬೀಳ್ರಿ!"

ಬಂದೂಕಿನವನು ಬೆಚ್ಚಿದ. ನಳಿಗೆ ಎಗರಿತು, ಗುಂಡು ಹಾರಿತು. ಆ ಸದ್ದು ಗುಡ್ಡಕ್ಕೆ ಬಡಿದು ನೀರಿನ ಮೇಲೆ ಹೋಗಿ ಮತ್ತೆ ವಾಪಸು ಬಂತು. ಬಿಳಿ ಹೊಗೆಯಲ್ಲಿ ಪೊದೆ ಮುಚ್ಚಿಹೋಯಿತು. ಆ ಹೊಗೆ ಕರಗುವ ತನಕದ ಹೊತ್ತೇ ಈಗಲೂ ನನ್ನ ತಲೆಯಲ್ಲಿ ಓಡುವುದು. ಕಾರ್ಖಾನೆಯಲ್ಲಿ ಮೀಟರ್ ನೋಡುತ್ತಿರುವಾಗ, ಸುಲ್ತಾನ್ ಬಜಾರಿನಲ್ಲಿ ಅಕ್ಕ ಸೀರೆ ತೋರಿಸಿ ಚಂದ ಐತೇನು ಅಂತ ಕೇಳುತ್ತಿರುವಾಗ ಹೊಗೆ ಮತ್ತೆ ಏಳುತ್ತದೆ. ಕೆಲವು ಸಲ ಅದರೊಳಗೆ ನಾನು ತೆಲುಗಿನಲ್ಲಿ ಕೂಗುತ್ತೇನೆ. ಕೆಲವು ಸಲ ಕೂಗುವುದೇ ಇಲ್ಲ.

ಬಂಡೆಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಪೊದೆಯ ಮೇಲ್ಭಾಗದ ಕೊಂಬೆಗಳು ಚಿಂದಿಯಾಗಿದ್ದವು. ಮದ್ದಿನ ವಾಸನೆ, ಅದರ ಜೊತೆಗೆ ಜೀರಿಗೆಯ ವಾಸನೆ. ಗೋಣಿಚೀಲ ನೆಲಕ್ಕೆ ಅಂಟಿಕೊಂಡಿತ್ತು. ಕರೆದೆ. ಅಂಚು ಹಿಡಿದು ಎತ್ತಿದೆ. ಮಾಮಾ ಮಣ್ಣಿಗೆ ಮೂಗು ಒತ್ತಿ ಮಲಗಿದ್ದರು. ಎಡಗಿವಿಯಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಒಂದು ಕಣ್ಣು ಮಾತ್ರ ತೆರೆದು ನನ್ನ ಕಡೆ ಹೊರಳಿಸಿದರು.

"ಇದ್ದೀನೇನು?" ಅಂದರು.

ಇದ್ದೀರಿ ಅಂದೆ. ಒಂದು ಚರೆಗುಂಡು ಕಿವಿಯ ತುದಿಯನ್ನು ಹರಿದುಕೊಂಡು ಹೋಗಿತ್ತು. ಉಳಿದದ್ದೆಲ್ಲ ಅವರ ತಲೆಯ ಮೇಲಿನಿಂದ ಹಾರಿತ್ತು.

ಅಷ್ಟರಲ್ಲಿ ಬಂದೂಕಿನವನು ಹತ್ತಿರ ಬಂದು ನಿಂತಿದ್ದ. ಮಾಮಾನದೇ ವಯಸ್ಸು. ಬಂದೂಕು ಹಿಂದೆ ಎಲ್ಲೋ ಬಿದ್ದಿತ್ತು, ಕೈಗಳು ಮುಗಿದಿದ್ದವು. ಪಿಟ್ಟ ಅನ್ಕುನ್ನಾ ಸಾರ್, ಹಕ್ಕಿ ಅಂದುಕೊಂಡೆ ಸಾರ್ ಅಂತ ಅದನ್ನೇ ಹೇಳುತ್ತಿದ್ದ. ಮಾಮಾ ಎದ್ದು ಕೂತರು. ಬೈಯುತ್ತಾರೆ ಅಂದುಕೊಂಡೆ. ಕೂಗಿದ್ದು ನೀನೇನಾ ಅಂತ ತೆಲುಗಿನಲ್ಲಿ ಕೇಳಿದರು. ಅವನು ಹೌದೆಂದು ಗೋಣು ಹಾಕಿ, ತಾವೇನಾ ಅಂತ ತಿರುಗಿ ಕೇಳಿದ. ಮಾಮಾ ನನ್ನ ಕಡೆ ತಿರುಗಿದರು.

"ಮಗ ಭಾಳ ಚಲೋ ಕೂಗ್ತಾನ" ಅಂದರು.

ಆ ಮಾತಿಗೆ ನನಗೆ ನಗು ಬಂದು, ನಗು ಅರ್ಧಕ್ಕೆ ಅಳುವಾಯಿತು. ನಾನು ಅಳುವುದನ್ನು ಕಂಡವನೇ ಆ ಮನುಷ್ಯ ಹೆದರಿ, ಬಂದೂಕು ಎತ್ತಿಕೊಂಡು ಗುಡ್ಡದ ಆಚೆ ಓಡಿದ. ಆ ಬದಿಯಲ್ಲಿ ಅವನ ಹರಗೋಲು ಕಟ್ಟಿತ್ತೆಂದು ಆಮೇಲೆ ತಿಳಿಯಿತು.

ವಾಪಸು ಬರುವಾಗ ಹರಗೋಲಿನಲ್ಲಿ ನಾನು ಮಾಮಾನ ಪಕ್ಕ ಕೂತು ಅವರ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೋ ನೆನಪಿಲ್ಲ. ಅವರು ಕಿವಿಗೆ ಕರವಸ್ತ್ರ ಒತ್ತಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದರು. ಆ ದಪ್ಪ ದನಿ ಹೊಟ್ಟೆಯಿಂದ ತೆಗೆಯುತ್ತಾನೆ, ತಮ್ಮದು ಗಂಟಲಿನದು, ಅಜ್ಜ ಕೇಳಿದ್ದರೆ ಅವನಿಗೇ ಶಾಭಾಸ್ ಅನ್ನುತ್ತಿದ್ದರು, ಹೀಗೆ. ನಾನು ಇನ್ನೊಂದು ಕೈಯಲ್ಲಿ ಮೊಬೈಲು ತೆಗೆದು, ದಡ ಸೇರಿದ ತಕ್ಷಣ ಅರಣ್ಯ ಇಲಾಖೆಗೆ ಫೋನ್ ಮಾಡುತ್ತೇನೆ, ಫೋಟೊನೂ ಕೊಡುತ್ತೇನೆ ಅಂದಾಗ ಮಾತು ನಿಂತಿತು.

"ಬಿಡು ತಂಗಿ. ಅಂವನೂ ಹೆದರ‍್ಯಾನ. ಮತ್ತ ಬರಾಂಗಿಲ್ಲ."

"ಅಂವ ಬಂದ, ಪೊದಿಯೊಳಗ ಇನ್ಯಾರೋ ಇದ್ರು ಅಂದ್ರ?"

"ಫೋನ್ ಮಾಡಿದ್ರ ನಿಮ್ಮ ಅಕ್ಕಗ ಗೊತ್ತಾಗ್ತದಲ್ಲ."

"ನಿಮ್ಮ ಕಿವಿ ನೋಡಿದ್ರ ಅಕ್ಕಗ ಗೊತ್ತಾಗಂಗಿಲ್ಲೇನ್ರಿ?"

ಮಾಮಾ ಕರವಸ್ತ್ರ ತೆಗೆದು ರಕ್ತ ನೋಡಿದರು. ಅದನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು ಅನ್ನಿಸುತ್ತದೆ. ಮುಖದ ಬಣ್ಣ ಇಳಿಯಿತು. ಗದ್ದ ನಡುಗತೊಡಗಿತು, ಆಮೇಲೆ ಭುಜ, ಆಮೇಲೆ ಪೂರ್ತಿ ಮೈ. ಹರಗೋಲಿನ ಅಂಚಿಗೆ ನೀರು ಚಪ್ಪಳಿಸುವಷ್ಟು ನಡುಗಿದರು. ಮಾಡು, ಫೋನ್ ಮಾಡು ಅಂತ ಬಾಯಿ ಅಲುಗಿತು, ದನಿ ಬರಲಿಲ್ಲ.

ಮೀನುಗಾರ ಹುಟ್ಟು ನಿಲ್ಲಿಸಿ ನನ್ನ ಕಡೆ ನೋಡಿದ. ಇಬ್ಬರೂ ಒಂದೇ ಬದಿಗೆ ಕೂತರೆ ಪುಟ್ಟಿ ವಾಲುತ್ತದಮ್ಮಾ, ಅವರನ್ನು ಬಿಟ್ಟು ಈ ಕಡೆ ಸರಿ ಅಂದ. ಆಗಲಿ ಅಂದೆ. ಅಂಗಿ ಬಿಡಲು ಬೆರಳು ಬಿಚ್ಚಿಕೊಳ್ಳಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಕೊನೆಗೆ ತಾನೇ ಎದುರು ಬದಿಯ ಅಂಚಿಗೆ ಸರಿದು, ಭಾರ ಸರಿಮಾಡಿಕೊಂಡು, ನಿಧಾನವಾಗಿ ಹುಟ್ಟು ಹಾಕಿದ.