ಕಲಾಯಿ ನಬಿಲಾಲನ ಹೆಂಡತಿ ಕಲಿತ ಇಂಗ್ಲಿಷು

ವಿಜಾಪುರ ಜಿಲ್ಲೆಯ ಇಂಡಿ ಊರಿನ ಪೇಟೆಯ ಹಿಂದಿನ ಓಣಿಯಲ್ಲಿ, ಬೇವಿನ ಮರದ ಕೆಳಗೆ ತಿದಿ ಹೂಡಿಕೊಂಡು, ಸಗೀರಾಳ ಗಂಡ ನಬಿಲಾಲ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅವನ ಅಪ್ಪ, ಅಜ್ಜ ಕೂತದ್ದೂ ಅಲ್ಲೇ. ೧೯೬೧ರ ಬೇಸಿಗೆಯಲ್ಲಿ ಒಂದು ದಿನ ಪೊಲೀಸ ಮಡಿವಾಳಪ್ಪ ಅಲ್ಲಿಗೆ ಬಂದು, ಒಂದು ಕಾಗದ ಕೊಟ್ಟು, ಮಸಿ ಹತ್ತಿದ ಹೆಬ್ಬೆರಳಿನ ಗುರುತು ಒತ್ತಿಸಿಕೊಂಡು ಹೋದ. ಕಾಗದ ಇಂಗ್ಲಿಷಿನಲ್ಲಿತ್ತು.

ನಬಿಲಾಲನಿಗೆ ಯಾವ ಅಕ್ಷರವೂ ಬಾರದು. ಸಗೀರಾ ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆಯ ತನಕ ಓದಿದವಳು. ಅವಳು ಕಾಗದ ಹಿಡಿದುಕೊಂಡು ಕಚೇರಿಯ ಮುಂದಿನ ಬಾಂಡ್ ರೈಟರನ ಹತ್ತಿರ ಹೋದಳು. ದಂಡ ಕಟ್ಟಿದರೆ ಮುಗಿಯಿತೆಂದ ಅವನು. ಕಿರಾಣಿ ಅಂಗಡಿಯವನು, ಇದು ಬರೀ ಹೆಸರು ಬರೆಸಿಕೊಳ್ಳುವ ಕಾಗದ ಎಂದ. ಕೊನೆಗೆ ರೇವಪ್ಪ ಮಾಸ್ತರರ ಮನೆಗೆ ಬಂದಳು. ನಿವೃತ್ತರಾದ ಮಾಸ್ತರರಿಗೆ ಮುಂಬೈಯಿಂದ ಟಪಾಲಿನಲ್ಲಿ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು, ಎರಡು ದಿನ ತಡವಾಗಿ.

ಮಾಸ್ತರರು ಕಾಗದ ಎರಡು ಸಲ ಓದಿದರು.

"ಹದಿನೈದು ದಿನದಾಗ ನಬಿಲಾಲ ಈ ದೇಶ ಬಿಟ್ಟು ಹೋಗಬೇಕಂತ ಐತಿ, ಯವ್ವಾ."

ಆಗ ಸಗೀರಾ ಪೆಟ್ಟಿಗೆಯ ತಳದಲ್ಲಿದ್ದ ಪಾಸ್‌ಪೋರ್ಟಿನ ಮಾತು ತೆಗೆದಳು. ೧೯೪೯ರಲ್ಲಿ, ಹತ್ತೊಂಬತ್ತು ವರ್ಷದವನಿದ್ದಾಗ, ನಬಿಲಾಲ ಸೋದರಮಾವನ ಬೆನ್ನುಹತ್ತಿ ಕರಾಚಿಗೆ ಹೋಗಿ ಪಾತ್ರೆ ಕಾರಖಾನೆಯಲ್ಲಿ ದುಡಿದಿದ್ದ. ತಾಯಿ ಹಾಸಿಗೆ ಹಿಡಿದಿದ್ದಾಳೆಂದು ೧೯೫೬ರಲ್ಲಿ ಸುದ್ದಿ ಹೋದಾಗ, ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟುವ ಹಾಗಿರಲಿಲ್ಲ. ಅಲ್ಲಿನ ಸರಕಾರದ್ದನ್ನೇ ತೆಗೆದುಕೊಂಡು, ಮೂರು ತಿಂಗಳ ವೀಸಾದ ಮೇಲೆ ಬಂದ. ತಾಯಿಯನ್ನು ಮಣ್ಣು ಮಾಡಿದ ಮೇಲೆ ಮತ್ತೆ ಅದೇ ಬೇವಿನ ಮರದ ಕೆಳಗೆ ಒಲೆ ಹೊತ್ತಿಸಿದ. ಮರುವರ್ಷ ಸಗೀರಾಳ ಜೊತೆ ನಿಕಾಹ್ ಆಯಿತು, ಮುಂದೆ ಇಬ್ಬರು ಹೆಣ್ಣುಮಕ್ಕಳಾದರು. ಪಾಸ್‌ಪೋರ್ಟ್ ಅಂದರೆ ರೈಲು ಟಿಕೀಟಿನ ಹಾಗೆ, ಊರು ಮುಟ್ಟಿದ ಮೇಲೆ ಅದರ ಕೆಲಸ ಮುಗಿಯಿತು ಎಂದು ಗಂಡಹೆಂಡತಿ ಇಬ್ಬರೂ ತಿಳಿದಿದ್ದರು.

ಮಾಸ್ತರರು ಅರ್ಜಿ ಬರೆದು ಕಳಿಸಿದರು. ಮುದ್ದತು ಆರು ತಿಂಗಳು ಮುಂದೆ ಹೋಯಿತು. ಮುದ್ದತು ಮುಂದೆ ಹಾಕಿದ ಕಾಗದವನ್ನು ಕೈಯಲ್ಲಿ ಹಿಡಿದು ಸಗೀರಾ ಕೇಳಿದಳು:

"ಮಾಸ್ತರ್ರ, ನನಗ ಇದನ್ನ ಓದಾಕ ಕಲಸ್ರಿ. ಒಬ್ಬೊಬ್ರು ಒಂದೊಂದು ಹೇಳ್ತಾರ. ಇನ್ನ ಮ್ಯಾಲ ಬರೂ ಕಾಗದ ನಾನ ಓದಬೇಕು."

ಹೀಗೆ ಸುರುವಾಯಿತು. ದಿನಾ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಬಂದು, ಮಾಸ್ತರರ ಕಟ್ಟೆಯ ಮೇಲೆ ಅವರ ಹೆಂಡತಿ ಚನ್ನವ್ವನ ಪಕ್ಕ ಕೂರುತ್ತಿದ್ದಳು. ಇಪ್ಪತ್ತಾರು ಅಕ್ಷರ ಹದಿನೈದು ದಿನದಲ್ಲಿ ಬಂದವು. ಓದಲು ಪುಸ್ತಕವಿರಲಿಲ್ಲ. ಮಾಸ್ತರರ ಪತ್ರಿಕೆಯಲ್ಲಿ ಇಂಥ ಸುದ್ದಿ ಆಗಾಗ ಬರುತ್ತಿತ್ತು: ಒಂದು ಊರಲ್ಲಿ ಪಾಕಿಸ್ತಾನದ ಪಾಸ್‌ಪೋರ್ಟಿನವರು ಇಷ್ಟು ಜನ ಪತ್ತೆಯಾದರು, ಇನ್ನೊಂದು ಊರಿಂದ ಇಷ್ಟು ಜನರನ್ನು ಕಳಿಸಿದರು. ನೋಟೀಸಿನ ಮಾತುಗಳೇ ಆ ಸುದ್ದಿಗಳಲ್ಲೂ ಇರುತ್ತಿದ್ದವು. ಮಾಸ್ತರರು ಅವನ್ನು ಕತ್ತರಿಸಿ ಇಡುತ್ತಿದ್ದರು, ಅವೇ ಪಾಠ.

"ಡಿಟೆಕ್ಟೆಡ್. ಅಂದ್ರ ಹುಡುಕಿ ಹಿಡದಾರ ಅಂತ."

"ಅಡಗಿದ್ರೇನ್ರಿ ಅವ್ರು?"

"ಇರಲಿಕ್ಕಿಲ್ಲ. ನಿನ್ನ ಗಂಡನಂಗ ಅಂಗಡಿ ತಗದು ಕುಂತಿರಬೇಕು."

ಓವರ್‌ಸ್ಟೇ ಅಂದರೆ ಹೇಳಿದ್ದಕ್ಕಿಂತ ಹೆಚ್ಚು ದಿನ ಉಳಿಯುವುದು. ಡಿಪೋರ್ಟ್ ಅಂದರೆ ಗಡೀಪಾರು. ಅವಳಿಗೆ ಎಲ್ಲಕ್ಕಿಂತ ತ್ರಾಸು ಕೊಟ್ಟದ್ದು ಡೀಮ್ಡ್ ಎನ್ನುವ ಶಬ್ದ.

"ಹಂಗ ಅಂತ ತಿಳಕೊಳ್ಳೂದು," ಅಂದರು ಮಾಸ್ತರರು. "ಅಂವನ್ನ ಪರದೇಶದಾಂವ ಅಂತ ತಿಳಕೊಳ್ಳೂದು."

"ಯಾರು ತಿಳಕೊಳ್ಳೂದ್ರಿ? ಈ ಓಣ್ಯಾಗ ಯಾರೂ ಹಂಗ ತಿಳದಿಲ್ಲಲ್ರಿ."

ಮಾಸ್ತರರು ಮುಂದಿನ ಸಾಲಿಗೆ ಬೆರಳಿಟ್ಟರು.

ಮನೆಯಲ್ಲಿ ನಬಿಲಾಲ ಇದನ್ನೆಲ್ಲ ಕೇಳಲು ಒಪ್ಪುತ್ತಿರಲಿಲ್ಲ. "ನಾ ಹುಟ್ಟಿದ್ದು ಇಲ್ಲೆ, ನಮ್ಮವ್ವನ ಗೋರಿ ಇಲ್ಲೆ ಐತಿ. ನೀ ಓದಿದ್ರ ಅದು ಬದಲಾಕ್ಕೈತೇನು?" ಎಂದು ತಿದಿ ಒತ್ತುತ್ತಿದ್ದ.

ಮುದ್ದತು ಇನ್ನೊಮ್ಮೆ ಮುಂದೆ ಹೋಗಿ ಮುಗಿಯುತ್ತ ಬಂದಾಗ ಗಂಡನನ್ನು ಇಲ್ಲೇ ಇರಗೊಡಬೇಕೆಂದು ಸಗೀರಾ ತಾನೇ ಇಂಗ್ಲಿಷಿನಲ್ಲಿ ಅರ್ಜಿ ಬರೆದಳು. ಎಂಟು ಸಾಲು. ಮಾಸ್ತರರು ತಿದ್ದಲು ಹೋದರೆ, ಕಾಗುಣಿತ ತಿದ್ದಿರಿ, ಮಾತು ಬಿಡಿರಿ ಎಂದಳು. ಸಣ್ಣ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ವಿಜಾಪುರದ ದೊಡ್ಡ ಕಚೇರಿಗೆ ಹೋಗಿ, ಮಧ್ಯಾಹ್ನದ ತನಕ ನಿಂತು, ಅದನ್ನು ಕೊಟ್ಟಳು. ಕಾರಕೂನ ಕೆಟ್ಟವನಲ್ಲ. ಪೂರ್ತಿ ಓದಿ, ತಲೆ ಎತ್ತಿದ.

"ಯಾರು ಬರದುಕೊಟ್ರವ್ವಾ?"

"ನಾನ ಬರದೇನ್ರಿ."

"ಚಲೋ ಬರದೀರಿ," ಎಂದು ಅದಕ್ಕೆ ಮುದ್ರೆ ಒತ್ತಿದ. "ಆದ್ರ ಇದು ನಮ್ಮ ಕೈಯಾಗ ಇಲ್ರಿ."

ಎರಡು ತಿಂಗಳಾದ ಮೇಲೆ ಉತ್ತರ ಬಂತು. ಆ ಹೊತ್ತು ಮಾಸ್ತರರು ಲಚ್ಯಾಣದ ಮಠಕ್ಕೆ ಹೋಗಿದ್ದರು. ಸಗೀರಾ ಹೊಸ್ತಿಲಲ್ಲಿ ಕೂತು ತಾನೇ ಓದಿದಳು. ಒಂದೇ ಸಾಲು, ಅದರಲ್ಲಿ ಒಂದು ಶಬ್ದ ಅವಳಿಗೆ ಗೊತ್ತಿರಲಿಲ್ಲ. ಅದರ ಹಿಂದಿನ ಎರಡು ಗೊತ್ತಿದ್ದವು: ಕೆನಾಟ್ ಬಿ. ಬರುವುದಿಲ್ಲ, ಆಗುವುದಿಲ್ಲ. ಕಾಗದ ಮಡಚಿ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಗಂಡನಿಗೆ ಹೇಳಿದ್ದು ಅವನು ಉಂಡಾದ ಮೇಲೆ.

"ನೀನ ಓದಿದಿ?" ಎಂದ ನಬಿಲಾಲ.

"ಹೂಂ."

"ಹಂಗಾರ ಖರೇನ ಇರಬೇಕು."

೧೯೬೨ರ ಮಳೆಗಾಲ ಸುರುವಾಗುವ ಮೊದಲು ಮಡಿವಾಳಪ್ಪ ಇನ್ನೊಬ್ಬ ಪೊಲೀಸನ ಜೊತೆ ಬಂದ. ನಬಿಲಾಲ ಕಲಾಯಿ ಆಗದೆ ಉಳಿದ ಎರಡು ಹಂಡೆಗಳನ್ನು ಅವುಗಳ ಮನೆಗೆ ಮುಟ್ಟಿಸಿ ಬಂದು, ಕೈ ತೊಳೆದುಕೊಂಡ. ಇಂಡಿ ರೋಡ್ ಸ್ಟೇಶನ್ನಿನ ತನಕ ಸಗೀರಾಳೂ ಮಕ್ಕಳೂ ಹೋದರು. ಮಡಿವಾಳಪ್ಪನ ಕೈಯಲ್ಲಿದ್ದ ಕಾಗದವನ್ನು ಸಗೀರಾ ಕೇಳಿ ಇಸಿದುಕೊಂಡು ಓದಿದಳು. ರಾಜಸ್ಥಾನದ ಗಡಿಯ ತನಕ ಕಾವಲಿನಲ್ಲಿ ಒಯ್ಯುವುದು ಎಂದಿತ್ತು. ಏನೂ ತಪ್ಪಿರಲಿಲ್ಲ, ಗಂಡನ ಹೆಸರು ಕೂಡ ಸರಿಯಾಗಿಯೇ ಇತ್ತು. ಕಾಗದ ತಿರುಗಿ ಕೊಟ್ಟಳು. ರೈಲು ಬಂದಾಗ ದೊಡ್ಡ ಮಗಳು ಅಪ್ಪನ ಅಂಗಿ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಸಗೀರಾಳೇ.

ಕರಾಚಿಯಿಂದ ಮೂರು ವರ್ಷ ಪತ್ರ ಬಂದವು, ಯಾರಿಂದಲೋ ಬರೆಸಿದವು. ಇಲ್ಲಿಗೆ ಬಾ ಎಂದ. ಅವಳು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಅದರ ವಿಚಾರಣೆ ನಡೆದಿದ್ದಾಗಲೇ, ೧೯೬೫ರಲ್ಲಿ ಯುದ್ಧ ಬಂತು. ಆ ದಾರಿಯ ರೈಲು ನಿಂತಿತು, ಅರ್ಜಿ ಅಲ್ಲೇ ಉಳಿಯಿತು. ಪತ್ರವೂ ಬರಲಿಲ್ಲ. ಬೇವಿನ ಮರದ ಕೆಳಗೆ ಚಾಂದಸಾಬ ಎನ್ನುವವನು ಸೈಕಲ್ ರಿಪೇರಿ ಇಟ್ಟ. ಸಗೀರಾ ಕುಪ್ಪಸ ಹೊಲಿದು ಮಕ್ಕಳನ್ನು ಸಾಕಿದಳು.

೧೯೬೮ರಲ್ಲಿ ದೊಡ್ಡ ಮಗಳು ಮೆಹರಾಜ ಸಾಲಿಯಿಂದ ಇಂಗ್ಲಿಷಿನ ಮೊದಲ ಪುಸ್ತಕ ತಂದು, ಹೊಲಿಗೆ ಹಾಕುತ್ತಿದ್ದ ತಾಯಿಯ ತೊಡೆಯ ಮೇಲಿಟ್ಟಳು.

"ಅಮ್ಮಾ, ನಿನಗ ಇಂಗ್ಲೀಷ ಬರ್ತೈತಂತಲ್ಲ. ಚನ್ನವ್ವಜ್ಜಿ ಹೇಳಿದ್ಲು. ಇದೇನು ಹೇಳು."

ಮೂರು ಶಬ್ದಗಳ ಸಾಲು, ಮೇಲೆ ಚಿತ್ರವಿರಲಿಲ್ಲ. ಸಗೀರಾ ಅಕ್ಷರ ಕೂಡಿಸಿ ತಡೆಯದೆ ಓದಿದಳು: "ಬರ್ಡ್ಸ್ ಫ್ಲೈ ಹೋಮ್."

"ಹಂಗಂದ್ರ?"

ಸಗೀರಾ ಸಾಲನ್ನು ಇನ್ನೊಮ್ಮೆ ನೋಡಿದಳು. ಹೋಮ್ ಎಂಬುದನ್ನು ಅವಳು ಎಷ್ಟೋ ಸಲ ಓದಿದ್ದಳು. ಪತ್ರಿಕೆಯಲ್ಲಿ ಅದು ಗಡೀಪಾರು ಮಾಡುವ ಸರಕಾರಿ ಖಾತೆಯ ಹೆಸರು. ಉಳಿದೆರಡನ್ನು ಎಲ್ಲೂ ಕಂಡಿರಲಿಲ್ಲ.

"ನನಗ ಗೊತ್ತಿಲ್ಲವ್ವಾ," ಎಂದಳು. "ಮಾಸ್ತರ್ರನ್ನ ಕೇಳು, ಹೋಗು."